ಹಡಗು ಒಡೆದವರಿಗೆ ಅಭಯ ಕೊಟ್ಟ ಊರು

ಕಡಲಲ್ಲಿ ಬಿರುಗಾಳಿ ಎದ್ದು, ಹಾಯಿ ಹರಿದು, ಹಡಗೊಂದು ದಾರಿ ತಪ್ಪಿ ಯಾವುದೋ ದಡಕ್ಕೆ ಬಂದು ಅಪ್ಪಳಿಸಿತು ಎನ್ನಿ. ಅದರಲ್ಲಿದ್ದ ಚಿನ್ನ, ಆನೆ, ಕುದುರೆ, ಮುತ್ತು, ರತ್ನ ಎಲ್ಲ ಯಾರದು? ಜೀವ ಒತ್ತೆಯಿಟ್ಟು ಹೊತ್ತು ತಂದ ವರ್ತಕನದು ಎಂದು ಈಗ ನಾವು ಥಟ್ಟನೆ ಹೇಳಿಬಿಡುತ್ತೇವೆ. ಎಂಟುನೂರು ವರ್ಷದ ಹಿಂದೆ ಈ ಮಾತನ್ನು ಕರಾವಳಿಯ ಬಹುಪಾಲು ದೊರೆಗಳು ಒಪ್ಪುತ್ತಿರಲಿಲ್ಲ. ದಡ ಯಾರದೋ ಸರಕೂ ಅವರದೇ! ಕಾಸರಗೋಡಿನಿಂದ ತುಸು ದಕ್ಷಿಣಕ್ಕಿರುವ ಏಳಿಮಲೆಯ ರಾಜ್ಯದ ಬಗ್ಗೆ ಮಾರ್ಕೊ ಪೋಲೊ ಬರೆದಿದ್ದಾನೆ. ಬೇರೆ ಬಂದರಿಗೆ ಹೊರಟ ಹಡಗು ತಪ್ಪಿ ಅಲ್ಲಿಗೆ ಬಂದರೆ, ನೀವು ಹೊರಟದ್ದು ಬೇರೆಲ್ಲಿಗೋ, ದೇವರು ಕಳಿಸಿದ್ದು ನಮ್ಮಲ್ಲಿಗೆ ಎನ್ನುತ್ತ ಅಲ್ಲಿಯವರು ಇಡೀ ಹಡಗನ್ನೇ ದೋಚುತ್ತಿದ್ದರಂತೆ.

ಪೋಲೊ ನಮ್ಮ ಕಡಲಿಗೆ ಬರುವುದಕ್ಕೂ ಸುಮಾರು ಅರ್ಧ ಶತಮಾನ ಮೊದಲು, ಬಂಗಾಳ ಕೊಲ್ಲಿಯ ದಡದಲ್ಲಿ ಒಬ್ಬ ರಾಜ ಈ ಪದ್ಧತಿ ನನ್ನ ನಾಡಿನಲ್ಲಿ ಇನ್ನಿಲ್ಲ ಎಂದು ಕಲ್ಲಿನಲ್ಲಿ ಕೊರೆಸಿದ. ಆ ಕಲ್ಲು ಇವತ್ತಿಗೂ ಇದೆ! ಅದಿರುವ ಊರು ಮೋಟುಪಲ್ಲಿ.

ಹೆಸರು ಕೇಳಿದ್ದೀರಾ? ಬೆಂಗಳೂರಿನಿಂದ ವಿಮಾನ ಹತ್ತಿ ಗನ್ನವರಂನಲ್ಲಿ ಇಳಿಯುವ ನಮ್ಮವರು ನೇರ ಹೋಗುವುದು ವಿಜಯವಾಡದ ಕನಕದುರ್ಗೆಯ ಬೆಟ್ಟಕ್ಕೆ, ಇಲ್ಲವೇ ಅಮರಾವತಿಗೆ. ಕೃಷ್ಣೆ ದಾಟಿ, ಗುಂಟೂರು ದಾಟಿ, ಮೆಣಸಿನಕಾಯಿಯ ಘಾಟು ಹಿಂದೆ ಬಿದ್ದ ಮೇಲೆ ಚೀರಾಲದ ಕಡೆ ತಿರುಗುವವರು ಎಷ್ಟು ಮಂದಿ? ಅಲ್ಲಿಂದ ಮುಂದೆ ನೆಲ ಚಪ್ಪಟೆಯಾಗುತ್ತ ಹೋಗುತ್ತದೆ. ತಾಳೆ ಮರಗಳು, ಗಾಳಿಮರದ ತೋಪುಗಳು, ಚಿನಗಂಜಾಂ ಸುತ್ತ ಬಿಸಿಲಿಗೆ ಕಣ್ಣು ಕೋರೈಸುವ ಉಪ್ಪಿನ ಗದ್ದೆಗಳು. ಹತ್ತಿರದ ಪೆದಗಂಜಾಂ ಬಳಿ ಕೃಷ್ಣಾ ಡೆಲ್ಟಾದ ಕೊಮ್ಮಮೂರು ಕಾಲುವೆ ಬಂದು ಬಕಿಂಗ್‌ಹ್ಯಾಮ್ ಕಾಲುವೆಗೆ ಕೂಡುತ್ತದೆ. ಒಂದು ಕಾಲಕ್ಕೆ ವಿಜಯವಾಡದ ಕಡೆಯಿಂದ ದೋಣಿಯಲ್ಲಿ ಹೊರಟ ಸರಕು ಈ ದಾರಿಯಲ್ಲೇ ಮದ್ರಾಸು ಮುಟ್ಟುತ್ತಿತ್ತು. ಇದೆಲ್ಲ ದಾಟಿದರೆ ಬಾಪಟ್ಲ ಜಿಲ್ಲೆಯ ಈ ಪುಟ್ಟ ಊರು. ಮರಳು, ಬಲೆ, ಮೀನಿನ ವಾಸನೆ, ಹಳೆಯ ಗುಡಿಗಳು. ಬಂದರಿನ ಗುರುತು? ಒಂದು ಜೆಟ್ಟಿಯೂ ಇಲ್ಲ, ಒಂದು ದೀಪಸ್ತಂಭವೂ ಇಲ್ಲ. ಚೀನಾದ ಕರ್ಪೂರಕ್ಕೂ ರೇಷ್ಮೆಗೂ ಸುಂಕ ಕಟ್ಟಿಸಿಕೊಂಡ ಜಾಗ ಇದೇ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕು.

ನಂಬಿಸುವುದು ಆ ಕಂಬ. ವೀರಭದ್ರ ದೇವಾಲಯದ ಮುಂದಿನ ಮಂಟಪದ ಕಂಬ. ಅದರ ಮೇಲೆ ಶಕ ವರ್ಷ 1166ರ, ಅಂದರೆ 1244-45ರ ಶಾಸನ. ಭಾಷೆ ಸಂಸ್ಕೃತ ಮತ್ತು ತೆಲುಗು. ಕನ್ನಡ ಬಲ್ಲವರು ಹತ್ತಿರ ನಿಂತು ಸಾಲುಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದರೆ ಸಾಕು, ಮೈ ಜುಂ ಎನ್ನುತ್ತದೆ. ಕನ್ನಡಕ್ಕೂ ತೆಲುಗಿಗೂ ಲಿಪಿ ಇನ್ನೂ ಒಡಹುಟ್ಟಿದಂತೇ ಇದ್ದ ಕಾಲದ ಅಕ್ಷರಗಳವು. ಅಲ್ಲೊಂದು ಇಲ್ಲೊಂದು ಅಕ್ಷರ ತಾನಾಗಿ ಬಾಯಿಗೆ ಬರುತ್ತದೆ!

ಶಾಸನ ಮಾಡಿಸಿದವನು ಓರುಗಲ್ಲಿನ ಕಾಕತೀಯ ಗಣಪತಿದೇವ. ಶಾಸನ ಯಾರನ್ನು ಉದ್ದೇಶಿಸಿ ಮಾತಾಡುತ್ತದೆ ನೋಡಿ: ಎಲ್ಲ ದ್ವೀಪಗಳಿಗೆ, ದೇಶಾಂತರಗಳಿಗೆ, ಪಟ್ಟಣಗಳಿಗೆ ಹೋಗಿಬರುವ ಕಡಲ ವ್ಯಾಪಾರಿಗಳನ್ನು. ಹಿಂದಿನ ರಾಜರು ಬಿರುಗಾಳಿಗೆ ಸಿಕ್ಕಿ ಒಡೆದು ದಡ ಸೇರಿದ ಹಡಗುಗಳ ಚಿನ್ನ, ಆನೆ, ಕುದುರೆ, ರತ್ನಗಳನ್ನೆಲ್ಲ ಬಲವಂತವಾಗಿ ಕಿತ್ತುಕೊಳ್ಳುತ್ತಿದ್ದರು ಎಂದು ಅದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಪ್ರಾಣಕ್ಕಿಂತ ಹಣ ಹೆಚ್ಚು ಎಂದು ತಿಳಿದು ಇಷ್ಟು ದೊಡ್ಡ ಸಾಹಸಕ್ಕೆ ಇಳಿದ ಈ ಜನರ ಮೇಲೆ ಕರುಣೆಯಿಂದ, ಕೀರ್ತಿಗಾಗಿ, ಧರ್ಮಕ್ಕಾಗಿ, ಗೊತ್ತುಮಾಡಿದ ಸುಂಕವೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನಾವು ಬಿಟ್ಟುಕೊಟ್ಟಿದ್ದೇವೆ ಎನ್ನುತ್ತದೆ. ಸುಂಕ ಎಷ್ಟು? ತರುವ ಸರಕಿಗೂ ಒಯ್ಯುವ ಸರಕಿಗೂ ಮೂವತ್ತರಲ್ಲಿ ಒಂದು ಪಾಲು. ಆಮೇಲೆ ಸರಕಿನ ಪಟ್ಟಿ ಬರುತ್ತದೆ. ಶ್ರೀಗಂಧ, ದೇಶೀ ಕರ್ಪೂರ, ಚೀನೀ ಕರ್ಪೂರ, ಮುತ್ತು, ಪನ್ನೀರು, ದಂತ, ಪುನುಗು, ಕರ್ಪೂರದ ಎಣ್ಣೆ, ತಾಮ್ರ, ಸತು, ಸೀಸ, ರೇಷ್ಮೆ ನೂಲು, ಹವಳ, ಮೆಣಸು, ಅಡಿಕೆ. ಅಡಿಕೆಗೆ ಲಕ್ಷದ ಲೆಕ್ಕದಲ್ಲಿ ಸುಂಕ! ಲಕ್ಷ ಲಕ್ಷ ಅಡಿಕೆ ಈ ಮರಳ ಮೇಲೆ ಎಣಿಕೆಗೆ ಬಂದಿದೆ.

ಇದನ್ನು ಬರೆಸಿದ ಮನೆತನದ ಹಿಂದಿನ ಕಥೆ ಗೊತ್ತಾದಾಗ ನನ್ನ ಅಚ್ಚರಿ ಇಮ್ಮಡಿಯಾಯಿತು. ಓರುಗಲ್ಲು ಒಳನಾಡಿನ ಕೋಟೆ. ಕಾಕತೀಯರಿಗೆ ಕಡಲೇ ಇರಲಿಲ್ಲ. ಗಣಪತಿದೇವನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಅವನ ಸೇನೆ ಕೃಷ್ಣೆಯ ಮುಖಜ ಭೂಮಿಗೆ ಇಳಿದು ದಿವಿ ದ್ವೀಪವನ್ನು ಮುತ್ತಿತು. ಗನ್ನವರಂನಿಂದ ಕೆಳಕ್ಕೆ ನದಿಯ ಜೊತೆ ಸಮುದ್ರದವರೆಗೆ ಹೋದರೆ ಸಿಗುವ ದಿವಿಸೀಮೆ ಅದೇ. ಮಲ್ಯಾಲ ಚೌಂಡ ಎಂಬ ಸೇನಾನಿ ದಿವಿಯನ್ನು ಸೂರೆಗೊಂಡವನು ಎಂಬ ಬಿರುದನ್ನೇ ಹೆಮ್ಮೆಯಿಂದ ಧರಿಸಿದ್ದ. ಆದರೆ ಗಣಪತಿದೇವ ಸೋತ ದಿವಿಯ ನಾಯಕನನ್ನು ಅವನ ನಾಡಿನಲ್ಲೇ ಉಳಿಸಿ, ಅವನ ಹೆಣ್ಣುಮಕ್ಕಳಿಬ್ಬರನ್ನು ಮದುವೆಯಾದ. ಆ ಮನೆತನದ ಜಾಯಪ ಅವನಿಗೆ ಸೇನಾನಿಯಾದ; ನಾಟ್ಯಶಾಸ್ತ್ರದಲ್ಲಿ ಹೆಸರಾದ ನೃತ್ತರತ್ನಾವಳಿ ಆ ಜಾಯಪನದೇ ಕೃತಿ. ಕಡಲ ತೀರವನ್ನು ಲೂಟಿಯಿಂದ ಗೆದ್ದ ರಾಜ ನಾಲ್ಕು ದಶಕದ ನಂತರ ಅದೇ ತೀರದಲ್ಲಿ ಲೂಟಿಯನ್ನು ನಿಲ್ಲಿಸಿದ! ಲಾಭದ ಲೆಕ್ಕ ಇದರಲ್ಲಿ ಇರಲೇಬೇಕು, ನಂಬಿಕೆ ಇಲ್ಲದ ಬಂದರಿಗೆ ಯಾವ ಹಡಗೂ ಬಾರದು. ಆದರೂ ಆ ಮಾತುಗಳಲ್ಲಿ ಬರಿ ಲೆಕ್ಕಕ್ಕಿಂತ ಹೆಚ್ಚಿನದು ಇದೆ ಎಂದೇ ನನಗೆ ಅನ್ನಿಸುತ್ತದೆ.

ಈ ಕಡಲು ಎಂಥದೆಂದು ತಿಳಿದವರಿಗೆ ಆ ಅಭಯದ ತೂಕ ಗೊತ್ತಾಗುತ್ತದೆ. 1977ರ ನವೆಂಬರ್ 19ರಂದು ದಿವಿಸೀಮೆಯ ಮೇಲೆ ನುಗ್ಗಿದ ಉಪ್ಪೆನದಲ್ಲಿ, ಅಂದರೆ ಚಂಡಮಾರುತ ಎಬ್ಬಿಸಿದ ದೈತ್ಯ ಅಲೆಯಲ್ಲಿ, ಕಡಿಮೆಯೆಂದರೂ 10,000 ಜನ ಕೊಚ್ಚಿಹೋದರು. 2023ರ ಡಿಸೆಂಬರ್ 5ರಂದು ಮಿಚಾಂಗ್ ಚಂಡಮಾರುತ ದಡ ಹತ್ತಿದ್ದು ಇದೇ ಬಾಪಟ್ಲದ ಹತ್ತಿರ. ಇಲ್ಲಿಯ ಬೆಸ್ತರ ಬಾಯಲ್ಲಿ ವಾಯುಗುಂಡಂ, ಅಂದರೆ ವಾಯುಭಾರ ಕುಸಿತ, ಎಂಬ ಮಾತು ದಿನಬಳಕೆಯದು. ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರಿಗೆ ನನ್ನ ಹರಕು ತೆಲುಗಿನಲ್ಲಿ ಕಂಬದ ಮಾತುಗಳನ್ನು ಹೇಳಿದೆ. ಸೂಜಿ ನಿಲ್ಲಿಸಿ ಕೇಳಿದರು. ‘ಹಡಗು ಹೋದಮೇಲೆ ಸರಕಾದರೂ ಉಳೀಲಿ ಅಂದನಾ ಆ ರಾಜ? ದೊಡ್ಡ ಮನಸ್ಸಿನವನು ಕಣಯ್ಯಾ’ ಎಂದರು.

ಇಷ್ಟೇ ಆಗಿದ್ದರೆ ಮೋಟುಪಲ್ಲಿ ತೆಲುಗರ ಹೆಮ್ಮೆ ಎಂದು ಕೈಮುಗಿದು ಬರಬಹುದಿತ್ತು. ಆದರೆ ಶಾಸನದಲ್ಲಿ ಊರಿಗೆ ಇನ್ನೊಂದು ಹೆಸರು ಕೊಟ್ಟಿದೆ: ದೇಶಿ ಉಯ್ಯಕ್ಕೊಂಡ ಪಟ್ಟಣ. ಚೋಳರ ಕಾಲದಿಂದ ಬಂದ ತಮಿಳು ಹೆಸರು. ಈ ದೇಶಿ ಯಾರು? ನಮ್ಮ ಶಾಸನಗಳಲ್ಲಿ ನಾನಾದೇಶಿಗಳು ಎಂದು ಸಾಲು ಸಾಲಾಗಿ ಬರುವವರು, ಅಯ್ಯಾವೊಳೆಯ ಐನೂರ್ವರು! ಮಲಪ್ರಭೆಯ ದಡದ ಐಹೊಳೆಯಿಂದ ಹೆಸರು ಪಡೆದು, ದಕ್ಷಿಣ ಭಾರತದ ಉದ್ದಗಲಕ್ಕೂ ಕತ್ತೆ, ಕೋಣ, ಬಂಡಿ, ಹಡಗುಗಳಲ್ಲಿ ವ್ಯಾಪಾರ ಮಾಡಿದ ವರ್ತಕ ಸಂಘ. ಶಿಕಾರಿಪುರ ಸೀಮೆಯ 11ನೇ ಶತಮಾನದ ಶಾಸನವೊಂದು ಅವರು ನೆಲದ ದಾರಿಯಲ್ಲೂ ನೀರಿನ ದಾರಿಯಲ್ಲೂ ನಾನಾ ದೇಶಗಳನ್ನು ಹೊಕ್ಕು ಆನೆ, ಕುದುರೆ, ನೀಲ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ ಮಾರುತ್ತಿದ್ದುದನ್ನು ಬಾಯಿತುಂಬ ಹೊಗಳುತ್ತದೆ. ಅವರ ಪ್ರಶಸ್ತಿಗಳಲ್ಲಿ ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ ಎಂಬ ಮಾತು ಬರುತ್ತದೆ. ವೇಳಾಪುರವೆಂದರೆ ಕಡಲಂಚಿನ ಊರು. ಕನ್ನಡ ಪಾಠದಲ್ಲಿ ಇದನ್ನು ಓದಿ ಮುಂದೆ ಹೋದವರೇ ನಾವೆಲ್ಲ.

ಈಗ ಉಸಿರು ಬಿಗಿಹಿಡಿಯಿರಿ. ಬಂಗಾಳ ಕೊಲ್ಲಿಯನ್ನು ದಾಟಿ, ಇಂಡೋನೇಷ್ಯಾದ ಸುಮಾತ್ರದ ಪಶ್ಚಿಮ ತೀರಕ್ಕೆ ಹೋಗೋಣ. ಅಲ್ಲಿ ಬರೂಸ್ ಎಂಬ ಸಣ್ಣ ಕರಾವಳಿ ಊರಿದೆ. ಜಗತ್ತಿನಲ್ಲೇ ಅತಿ ಶ್ರೇಷ್ಠವಾದ ಕರ್ಪೂರ ಅದರ ಹಿಂದಿನ ಕಾಡಿನ ಮರಗಳಿಂದ ಬರುತ್ತಿತ್ತು. ಬರೂಸಿನ ಪಕ್ಕದ ಲೋಬು ತುವಾದಲ್ಲಿ 1873ರಲ್ಲಿ ಒಂದು ಕಲ್ಲು ಸಿಕ್ಕಿತು. ಶಕ 1010ರ ಮಾಸಿ ತಿಂಗಳು, ಅಂದರೆ 1088. ತಮಿಳು ಶಾಸನ. ಅದನ್ನು ನೆಡಿಸಿದವರು ಐನೂರ್ವರು! ಆ ಬಂದರಿನ ವೇಳಾಪುರದಲ್ಲಿ ತಾವು ಸಭೆ ಸೇರಿದ್ದಾಗಿ ಹೇಳುತ್ತಾರೆ. ಹಡಗಿನ ಒಡೆಯನೂ ಅವನ ಜೊತೆಯವರೂ ಕಸ್ತೂರಿಯ ಬೆಲೆಗೆ ಹೊಂದಿಸಿದ ಚಿನ್ನವನ್ನು ಸುಂಕವಾಗಿ ಕೊಟ್ಟ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕೆಂದು ಕಟ್ಟಳೆ ಮಾಡುತ್ತಾರೆ. ಸುಮಾತ್ರದ ಮಳೆಕಾಡಿನ ಅಂಚಿನಲ್ಲಿ, ಮರಳ ಮೇಲೆ ಹಾಸಿದ ಒಂದು ಬಟ್ಟೆ, ಅದರಾಚೆ ನಿಂತು ಕಾಯುತ್ತಿರುವ ಹಡಗಿನ ಜನ, ಎಂಥ ಚಿತ್ರ! ಆ ಊರನ್ನು ಅವರು ಏನೆಂದು ಕರೆಯುತ್ತಾರೆ ಗೊತ್ತೆ? ದೊಡ್ಡದೊಂದು ಹೆಸರಿನ ಕೊನೆಯಲ್ಲಿ ಮತ್ತೆ ಅದೇ: ದೇಶಿ ಉಯ್ಯಕ್ಕೊಂಡ ಪಟ್ಟಿನಂ.

ಕೊಲ್ಲಿಯ ಈ ದಡದಲ್ಲಿ ಮೋಟುಪಲ್ಲಿ, ಆ ದಡದಲ್ಲಿ ಬರೂಸ್. ನಡುವೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ನೀರು. ಎರಡೂ ಒಂದೇ ವರ್ತಕರ ಹೆಸರು ಹೊತ್ತ ಊರುಗಳು, ಆ ವರ್ತಕರು ತಮ್ಮ ಮೂಲವೆಂದು ಹೇಳಿಕೊಂಡದ್ದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯನ್ನು. ಸಂಘದ ಒಳಗೆ ಕನ್ನಡಿಗರು, ತಮಿಳರು, ತೆಲುಗರು, ಮಲಯಾಳಿಗಳು ಎಲ್ಲ ಇದ್ದರು. ಬರೂಸಿನಲ್ಲಿ ಮಾತಾಡಿದ್ದು ತಮಿಳು. ಅದರಿಂದ ನನ್ನ ಸಂತೋಷ ಕಿಂಚಿತ್ತೂ ಕುಗ್ಗಿಲ್ಲ. ವಿಶಾಖಪಟ್ಟಣಕ್ಕೂ ಆಗ ಕುಲೋತ್ತುಂಗಚೋಳ ಪಟ್ಟಣವೆಂದು ಹೆಸರಿತ್ತು. ಇಡೀ ಪೂರ್ವ ಕರಾವಳಿಯೇ ಇಂಥ ಪಟ್ಟಣಗಳ ಒಂದು ಮಾಲೆ.

ಪೋಲೊನ ವಿಷಯಕ್ಕೆ ಬರೋಣ. ಅವನು ಕಾಕತೀಯರ ರಾಜ್ಯವನ್ನು ಮುತ್ಫಿಲಿ ಎನ್ನುತ್ತಾನೆ. ಬಂದರಿನ ಹೆಸರೇ ಅವನಿಗೆ ದೇಶದ ಹೆಸರಾಯಿತು! ಅಲ್ಲಿ ನಲವತ್ತು ವರ್ಷ ರಾಜ್ಯವಾಳಿದ, ನ್ಯಾಯವಂತೆಯಾದ ರಾಣಿಯ ಮಾತು ಬರುತ್ತದೆ. ಸತ್ತ ರಾಜನ ಹೆಂಡತಿ ಎಂದು ಅವನು ತಿಳಿದದ್ದು ತಪ್ಪು. ಅವಳು ಗಣಪತಿದೇವನ ಮಗಳು ರುದ್ರಮದೇವಿ. ವಜ್ರದ ಕಣಿವೆ, ಹಾವುಗಳು, ಮಾಂಸದ ತುಂಡು ಹೊತ್ತು ಹಾರುವ ಹದ್ದುಗಳ ಕಥೆಯೂ ಅಲ್ಲೇ ಬರುತ್ತದೆ, ಅದು ನಾವಿಕರ ಕಟ್ಟುಕಥೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಟ್ಟೆಯ ಮಾತು. ಜೇಡರ ಬಲೆಯಷ್ಟು ನವಿರಾದ ಬಟ್ಟೆ, ಜಗತ್ತಿನ ಯಾವ ರಾಜನಾದರೂ ರಾಣಿಯಾದರೂ ಉಡಲು ಹಾತೊರೆಯುವಂಥದು ಎಂದು ವೆನಿಸ್‌ನ ಆ ವ್ಯಾಪಾರಿ ಬರೆಯುತ್ತಾನೆ. ಮೋಟುಪಲ್ಲಿಗೆ ಹೋಗುವ ದಾರಿಯಲ್ಲೇ ಚೀರಾಲ, ವೇಟಪಾಲೆಂ. ಇವತ್ತಿಗೂ ಮಗ್ಗದ ಊರುಗಳು. ಅಲ್ಲಿಯ ತೇಲಿಯಾ ರುಮಾಲು ಅರಬರ ದೇಶಗಳವರೆಗೂ ಹೋಗಿ ಹೆಸರಾಯಿತು.

ರುದ್ರಮದೇವಿಯ ನಂತರ ಕಾಕತೀಯರೂ ಅಳಿದರು. ಅಭಯ ಅಳಿಯಲಿಲ್ಲ. 1358ರಲ್ಲಿ ಕೊಂಡವೀಡಿನ ಅನಪೋತ ರೆಡ್ಡಿ ವರ್ತಕರಿಗೆ ಮತ್ತೆ ಭರವಸೆಯ ಶಾಸನ ಹಾಕಿಸಿದ. 1390ರ ಸುಮಾರಿಗೆ ವಿಜಯನಗರದ ರಾಜಕುಮಾರ, ಮುಂದೆ ಒಂದನೇ ದೇವರಾಯನಾದವನು, ಈ ಬಂದರನ್ನು ಹಿಡಿದಾಗ ಅವನ ಶಾಸನವೂ ಇಲ್ಲಿ ನಿಂತಿತು. ಹಂಪಿಗೂ ಈ ಮರಳಿಗೂ ನಂಟು! ಕೊಂಡವೀಡಿನ ಅರಮನೆಗೆ ಸುಗಂಧ ದ್ರವ್ಯ ಒದಗಿಸುತ್ತಿದ್ದ ಅವಚಿ ತಿಪ್ಪಯ್ಯ ಸೆಟ್ಟಿಗೆ ತೆಲುಗಿನ ಮಹಾಕವಿ ಶ್ರೀನಾಥ ತನ್ನ ಹರವಿಲಾಸವನ್ನು ಅಂಕಿತ ಮಾಡಿದ. ಸೆಟ್ಟಿ ತರಿಸುತ್ತಿದ್ದ ಸರಕನ್ನೂ ಅದರಲ್ಲಿ ವರ್ಣಿಸಿದ: ಸಿಂಹಳದ ಆನೆ, ಹೊರ್ಮುಜ್‌ನ ಕುದುರೆ, ಚೀನಾದ ರೇಷ್ಮೆ, ಜೊತೆಗೆ ಪಂಜಾರದ ಕರ್ಪೂರ. ಈ ಪಂಜಾರ ಯಾವುದು? ಸುಮಾತ್ರದ ಫನ್ಸೂರ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬರೂಸಿಗೆ ಅರಬರು ಕರೆಯುತ್ತಿದ್ದ ಹೆಸರೇ ಫನ್ಸೂರ್. ಮುನ್ನೂರು ವರ್ಷ ಕಳೆದರೂ ಅದೇ ಎರಡು ತೀರಗಳ ನಡುವೆ ಅದೇ ಕರ್ಪೂರ!

ಆಮೇಲೆ ವ್ಯಾಪಾರ ನಿಜಾಂಪಟ್ನಂಗೆ, ಮಚಲೀಪಟ್ಣಕ್ಕೆ ಸರಿಯಿತು. 1611ರಲ್ಲಿ ಇಂಗ್ಲಿಷರ ಗ್ಲೋಬ್ ಹಡಗು ಆ ಎರಡೂ ಕಡೆ ತಂಗಿತು; ಆಮೇಲೆ ಇಲ್ಲಿಯ ಬಟ್ಟೆ ತುಂಬಿಕೊಂಡು ಜಾವಾದ ಬಾಂಟೆನ್‌ಗೆ ಹೊರಟಿತು. ಅದರ ಮುಂದಿನ ಕಥೆ ಶಾಲೆಯ ಪುಸ್ತಕದಲ್ಲಿದೆ.

ಲೋಬು ತುವಾದ ಕಲ್ಲು ಈಗ ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮೋಟುಪಲ್ಲಿಗೆ ಹೋಗುವುದು ಅದಕ್ಕಿಂತ ಎಷ್ಟೋ ಸುಲಭ: ವಿಜಯವಾಡದಿಂದ ಗೂಡೂರಿನ ಕಡೆ ಹೋಗುವ ರೈಲು ದಾರಿಯಲ್ಲಿ ಚಿನಗಂಜಾಂ ನಿಲ್ದಾಣದಲ್ಲಿ ಇಳಿದು ಆಟೋದವರಿಗೆ ವೀರಭದ್ರನ ಗುಡಿ ಎನ್ನಬೇಕು. ಹೋಗಿ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಐಹೊಳೆಯಲ್ಲಿ ದುರ್ಗದ ಗುಡಿಯ ಪಕ್ಕಕ್ಕೇ ಪುರಾತತ್ತ್ವ ಇಲಾಖೆಯ ಸಂಗ್ರಹಾಲಯವಿದೆ. ಅಲ್ಲಿ ಈ ಎರಡೂ ಕಲ್ಲುಗಳ ಪಡಿಯಚ್ಚುಗಳನ್ನು ಅಕ್ಕಪಕ್ಕ ಇಟ್ಟು, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು. ಪಟ್ಟದಕಲ್ಲಿನಿಂದ ಬಸ್ಸಿನಲ್ಲಿ ಬಂದಿಳಿಯುವ ಶಾಲೆಯ ಹುಡುಗರು ಅದನ್ನು ಓದಬೇಕು.