ಭುಜದ ಸಂದುನೋವಿಗೆ ಸೂಜಿಮದ್ದು

ನಮ್ಮ ಕಾಸರಗೋಡು ಸೀಮೆಯ ಅಡಿಕೆ ತೋಟಗಳಲ್ಲಿ ಭುಜಕ್ಕೆ ವಿರಾಮವಿಲ್ಲ. ಸೊಪ್ಪು, ಗೊಬ್ಬರ ಹೊರಬೇಕು, ಗೊನೆ ತೆಗೆಯಬೇಕು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದು ಮರ ಹತ್ತುವ ಅಪಾಯ ತಪ್ಪಿತಾದರೂ, ತೋಳೆತ್ತಿ ನಿಲ್ಲುವ ದುಡಿಮೆ ಹೆಚ್ಚಿತು. ಭುಜ ನೋಯತೊಡಗಿದರೆ, ಒಂದು ಸೂಜಿ ಚುಚ್ಚಿಸಿದರೆ ಸರಿಹೋದೀತೆಂದು ನಾವು ಹೇಳುವುದುಂಟು. ಆ ಸೂಜಿಯ ಗುಣವನ್ನೂ ಮಿತಿಯನ್ನೂ ಅರಿತಿರುವುದು ಲೇಸು.

ಸೊಂಟದ ಕೆಳಗೆ ಚುಚ್ಚುವ ನೋವಿನ ಮದ್ದು ಬೇರೆ, ಭುಜದ ಸಂದಿಗೇ ಕೊಡುವ ಸ್ಟೀರಾಯ್ಡ್ ಮದ್ದು ಬೇರೆ. ಮೊದಲನೆಯದು ಕೆಲವು ಗಂಟೆ ನೋವು ಮರೆಸುತ್ತದೆ, ಅಷ್ಟೆ. ಎರಡನೆಯದು ಸಂದಿನೊಳಗಿನ ಉರಿಯೂತವನ್ನು ತಗ್ಗಿಸುತ್ತದೆ. 1951ರಲ್ಲಿ ಅಮೆರಿಕದ ವೈದ್ಯ ಹಾಲೆಂಡರ್ ಅವರು ಸಂದಿಗೆ ಹೈಡ್ರೊಕಾರ್ಟಿಸೋನ್ ಕೊಟ್ಟ ಅನುಭವವನ್ನು ಪ್ರಕಟಿಸಿದ ಮೇಲೆ ಈ ಚಿಕಿತ್ಸೆ ಹಬ್ಬಿತು. ಇದರ ಗುಣ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನಿಂತೀತು.

40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಭುಜ ಬಿಗಿದು ತೋಳು ಮೇಲೇಳದಂತಾಗುವುದುಂಟು. ಅಂಥವರಿಗೆ ಆರಂಭದಲ್ಲೇ ಕೊಟ್ಟ ಸೂಜಿ ಒಳ್ಳೆಯ ಫಲ ಕೊಡುತ್ತದೆ. ಆದರೆ ಸೂಜಿ ನೋವು ತಗ್ಗಿಸೀತೇ ಹೊರತು, ಬಿಗಿತ ಬಿಡಿಸುವ ಕೆಲಸ ನಮ್ಮದೇ. ಬಾಗಿ ನಿಂತು ತೋಳನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗಬೇಕು. ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಬೇಕು. ದಿನವೂ ತಪ್ಪದೆ ಮಾಡಿದರೆ ಮಾತ್ರ ಪ್ರಯೋಜನ.

ಸ್ನಾಯುವಿನ ತುದಿ ಹರಿದಿದ್ದರೆ ಮಾತು ಬೇರೆ. ಹರಿದುದನ್ನು ಈ ಸೂಜಿ ಹೊಲಿಯಲಾರದು. ನೋವು ಹೋಯಿತೆಂದು ಮರುದಿನವೇ ದೋಟಿ ಹಿಡಿದರೆ ಹರಿದುದು ಇನ್ನಷ್ಟು ಹರಿದೀತು. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಸ್ನಾಯು ಬಲಗುಂದುವ ಭಯವೂ ಇದೆ. ಒಂದೇ ಸಂದಿಗೆ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಸೂಜಿ ಕೊಡಬಾರದೆಂಬುದು ವೈದ್ಯರು ಸಾಮಾನ್ಯವಾಗಿ ಪಾಲಿಸುವ ಕ್ರಮ. ಆದುದರಿಂದ ಎಲುಬಿನ ತಜ್ಞರಿಂದ ಪರೀಕ್ಷೆ ಮಾಡಿಸಿಯೇ ತೋಳೊಡ್ಡಬೇಕು.

ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ, ಜ್ವರವಿದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಈ ಮದ್ದಿನಿಂದ ರಕ್ತದ ಸಕ್ಕರೆ ಕೆಲವು ದಿನ ಏರುತ್ತದೆ. ಚುಚ್ಚಿದೆಡೆ ಒಂದೆರಡು ದಿನ ನೋವಿದ್ದರೆ ಗಾಬರಿ ಬೇಡ. ಕೆಂಪೇರಿ, ಬಾತು, ಜ್ವರ ಬಂದರೆ ತಡಮಾಡಕೂಡದು.

ಇನ್ನೊಂದು ಮಾತು. ಭುಜದ ನೋವಿನೊಡನೆ ಎದೆ ಬಿಗಿದು ಬೆವರಿದರೆ ಅದು ಹೃದಯದ ಕರೆಯಾಗಿರಬಹುದು. ಆಗ ಎಣ್ಣೆ ತಿಕ್ಕುತ್ತ ಕೂರದೆ ಒಡನೆಯೇ ಆಸ್ಪತ್ರೆಗೆ ಧಾವಿಸತಕ್ಕದ್ದು.