ಅಂಗಡಿಯಿಂದ ಅಂಗಳಕ್ಕೆ ಬಂದ ಚಾರ್ಜರ್

ಮೋಟಾರ್ ಸೈಕಲ್ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡುವವರು ಪಾಲಿಸಬೇಕಾದ ಎಚ್ಚರಿಕೆಗಳಲ್ಲಿ ಹೆಚ್ಚಿನವು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಕೋಶದ ಗುಣದಿಂದಲೇ ಹುಟ್ಟಿದವು. ಎರಡು ಸೀಸದ ಹಾಳೆಗಳನ್ನು ನಡುವೆ ರಬ್ಬರ್ ಪಟ್ಟಿಗಳನ್ನಿಟ್ಟು ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ ಆ ಕೋಶಕ್ಕೆ ವಿದ್ಯುತ್ ತುಂಬಲು, ಡೈನಮೊ ಬಳಕೆಗೆ ಬಂದಿರದ ಆ ಕಾಲದಲ್ಲಿ, ಒಮ್ಮೆ ಬರಿದಾದರೆ ಮುಗಿದೇಹೋಗುವ ಬೇರೆ ಬ್ಯಾಟರಿಗಳನ್ನೇ ಜೋಡಿಸಬೇಕಾಗಿತ್ತು. 1881ರಲ್ಲಿ ಕಮಿಲ್ ಫೋರ್ ಸೀಸದ ಆಕ್ಸೈಡಿನ ಲೇಪವನ್ನು ತಟ್ಟೆಗಳಿಗೆ ಮೆತ್ತುವ ವಿಧಾನ ತಂದ ಮೇಲೆ ಬ್ಯಾಟರಿ ಕಾರ್ಖಾನೆಯ ಸರಕಾಯಿತು.

ಬ್ಯಾಟರಿ ಖಾಲಿಯಾಗುವಾಗ ಎರಡೂ ಬಗೆಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಬಿಟ್ಟುಕೊಟ್ಟ ಸಲ್ಫೇಟ್ ಆಮ್ಲಕ್ಕೆ ಮರಳುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಮಾತ್ರ ಅದು ಗಟ್ಟಿ ಹರಳಾಗಿ ಮರಳದೆ ಉಳಿಯುತ್ತದೆ, ಇದನ್ನೇ ಸಲ್ಫೇಶನ್ ಎನ್ನುತ್ತಾರೆ. ಬ್ಯಾಟರಿ ತುಂಬಿದ ಮೇಲೂ ಹರಿಯುವ ವಿದ್ಯುತ್ತು ಒಳಗಿನ ನೀರನ್ನು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗಾಳಿಯಲ್ಲಿ ಜಲಜನಕ ಶೇ 4ರಷ್ಟು ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಆದ್ದರಿಂದಲೇ ಗಾಳಿಯಾಡುವ ಜಾಗವನ್ನು ಆರಿಸುವುದು, ಕ್ಲಿಪ್‌ಗಳನ್ನು ಸಿಕ್ಕಿಸಿದ ಮೇಲೆಯೇ ಸ್ವಿಚ್ ಹಾಕುವುದು, ತೆಗೆಯುವಾಗ ಮೊದಲು ಸ್ವಿಚ್ ಆರಿಸುವುದು ರೂಢಿಗೆ ಬಂದವು. ಬೈಕಿನಿಂದ ಬ್ಯಾಟರಿ ಬಿಚ್ಚುವಾಗ ಮೈನಸ್ ತಂತಿಯನ್ನು ಮೊದಲು ಬಿಚ್ಚುವ ಕ್ರಮಕ್ಕೂ ಕಾರಣವಿದೆ: ಇಂದಿನ ಬೈಕುಗಳಲ್ಲಿ ಚೌಕಟ್ಟು ಮೈನಸ್‌ಗೆ ಜೋಡಣೆಯಾಗಿರುವುದರಿಂದ, ಪ್ಲಸ್ ಬಿಚ್ಚುವ ಸ್ಪ್ಯಾನರ್ ಚೌಕಟ್ಟಿಗೆ ತಗುಲಿದರೆ ಶಾರ್ಟ್ ಆಗುತ್ತದೆ.

ಮೈಸೂರಿನ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾ ಬೈಕಿನದು 6 ವೋಲ್ಟ್ ವ್ಯವಸ್ಥೆ. ಕಿಕ್ ಹೊಡೆದು ಎಂಜಿನ್ ಎಬ್ಬಿಸುತ್ತಿದ್ದ ಆ ದಿನಗಳಲ್ಲಿ ಚಾರ್ಜಿಂಗ್ ಎಂಬುದು ಬ್ಯಾಟರಿ ಅಂಗಡಿಯವರ ಕಸುಬಾಗಿತ್ತು: ಮುಚ್ಚಳ ತೆಗೆದು, ಡಿಸ್ಟಿಲ್ಡ್ ವಾಟರ್ ತುಂಬಿ, ಆಮ್ಲದ ಸಾಂದ್ರತೆ 1.28ರ ಆಸುಪಾಸಿಗೆ ಏರುವುದನ್ನು ಹೈಡ್ರೊಮೀಟರಿನಲ್ಲಿ ನೋಡಿ, ಧಾರಣಶಕ್ತಿಯ ಹತ್ತನೇ ಒಂದರಷ್ಟು ವಿದ್ಯುತ್ತನ್ನು, ಅಂದರೆ 5 ಆಂಪಿಯರ್-ಗಂಟೆಯ ಬ್ಯಾಟರಿಗೆ ಅರ್ಧ ಆಂಪಿಯರನ್ನು, ನಿಧಾನವಾಗಿ ಹರಿಸಲಾಗುತ್ತಿತ್ತು. ಈ ಲೆಕ್ಕ ಇಂದಿಗೂ ಸಲ್ಲುತ್ತದೆ. ಕಾರಿನ ಹಳೆಯ ಚಾರ್ಜರನ್ನು ಬೈಕಿಗೆ ಸಿಕ್ಕಿಸುವವರು ಮರೆಯುವುದೂ ಇದನ್ನೇ.

ಕಸುಬು ಮನೆಗೆ ಬಂದದ್ದು ಮೊಹರಾದ ಬ್ಯಾಟರಿಯಿಂದ. 1957ರಲ್ಲಿ ಜರ್ಮನಿಯ ಒಟ್ಟೊ ಯಾಖೆ ಆಮ್ಲವನ್ನು ಲೋಳೆಯಾಗಿಸಿದರೆ, 1970ರ ದಶಕದಲ್ಲಿ ಅಮೆರಿಕದ ಗೇಟ್ಸ್ ಕಂಪನಿ ಅದನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಟ್ಟಿತು. ಇಂಥ ಬ್ಯಾಟರಿಯೊಳಗೆ ಆಮ್ಲಜನಕವು ಮೈನಸ್ ತಟ್ಟೆಯನ್ನು ತಲುಪಿ ಮತ್ತೆ ನೀರಾಗುವುದರಿಂದ ಮೇಲಿಂದ ನೀರು ಹಾಕುವ ಕೆಲಸವಿಲ್ಲ. ಆದರೆ ಅತಿಯಾಗಿ ಚಾರ್ಜ್ ಮಾಡಿ ಕವಾಟದಿಂದ ಅನಿಲ ಹೊರಹೋದರೆ ಕಳೆದ ನೀರನ್ನು ತುಂಬುವ ದಾರಿಯೂ ಇಲ್ಲ. ಹೀಗಾಗಿ 12 ವೋಲ್ಟ್ ಬ್ಯಾಟರಿಯನ್ನು ಸುಮಾರು 14.4 ವೋಲ್ಟಿನವರೆಗೆ ಒಯ್ದು, ಅಲ್ಲಿಯೇ ಹಿಡಿದು, ಬಳಿಕ 13.5ರ ಆಸುಪಾಸಿಗೆ ತಾನಾಗಿಯೇ ಇಳಿಯುವ ಎಲೆಕ್ಟ್ರಾನಿಕ್ ಚಾರ್ಜರ್ ಅಗತ್ಯವಾಯಿತು.

ಭಾರತದಲ್ಲಿ 2017ರಿಂದ ಹೊಸ ಬೈಕುಗಳ ಹೆಡ್‌ಲೈಟ್ ಸದಾ ಉರಿಯತೊಡಗಿ, 2020ರ ಬಿಎಸ್-6 ನಿಯಮದೊಂದಿಗೆ ಪೆಟ್ರೋಲ್ ಚಿಮ್ಮಿಸುವ ವಿದ್ಯುತ್ ಪಂಪು ವ್ಯಾಪಕವಾಗಿ, ಎಷ್ಟೋ ಮಾದರಿಗಳಲ್ಲಿ ಕಿಕ್ಕರ್ ಮಾಯವಾದ ಮೇಲೆ, ಬ್ಯಾಟರಿ ಬರಿದಾದರೆ ಬೈಕು ನಿಂತಲ್ಲೇ ನಿಲ್ಲುವಂತಾಗಿದೆ. ಈಚಿನ ಲಿಥಿಯಂ ಬ್ಯಾಟರಿಗಂತೂ ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು. ಸಲ್ಫೇಶನ್ ನೀಗಿಸಲೆಂದು ಕೆಲವು ಸೀಸ-ಆಮ್ಲ ಚಾರ್ಜರ್‌ಗಳು ಹೊಮ್ಮಿಸುವ ಹೆಚ್ಚಿನ ವೋಲ್ಟೇಜಿನ ಮಿಡಿತಗಳು ಲಿಥಿಯಂ ಬ್ಯಾಟರಿಯನ್ನು ಕೆಡಿಸಬಲ್ಲವು.