ಕಲ್ಲಿನ ಮೇಲೆ ಯಾರ ಹೆಸರು?



ನೀವು ವೀರಗಲ್ಲು ನೋಡಿರಬಹುದು. ಊರನ್ನು, ದನಕರುಗಳನ್ನು ಉಳಿಸಲು ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಬೇರೆ ದೇಶಗಳಲ್ಲೂ ಸೈನಿಕರ ನೆನಪಿಗೆ ಕಲ್ಲು, ಕಂಬ, ಪ್ರತಿಮೆ ನಿಲ್ಲಿಸುತ್ತಾರೆ. ಇವಕ್ಕೆ ಯುದ್ಧ ಸ್ಮಾರಕ ಅಂತ ಹೆಸರು. ಸ್ಮಾರಕ ಅಂದರೆ ನೆನಪಿನ ಗುರುತು.

ಅಮೆರಿಕ ದೇಶದ ಒಂದು ಕೋರ್ಟಿನ ಅಂಗಳದಲ್ಲಿ ಇಂಥ ಒಂದು ಸ್ಮಾರಕ ಇತ್ತು. ಅದು ಅಲ್ಲಿ ಇರಬೇಕೋ ಬೇಡವೋ ಅಂತ ಊರಿನವರಲ್ಲಿ ದೊಡ್ಡ ವಾದ ನಡೆಯಿತು. ಯಾಕೆ? ತಿಳಿಯೋಣ ಬನ್ನಿ.

ಊರು ಮತ್ತು ಕೋರ್ಟು

ಅಮೆರಿಕದಲ್ಲಿ ಮೇರಿಲ್ಯಾಂಡ್ ಎಂಬ ರಾಜ್ಯವಿದೆ. ಆ ರಾಜ್ಯದಲ್ಲಿ ಟಾಲ್ಬಟ್ ಒಂದು ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆದರೆ ಇದು ಬಹಳ ಸಣ್ಣದು. ಹೊಲ, ಹೊಳೆ, ಮೀನುಗಾರಿಕೆ ಇರುವ ಹಳ್ಳಿಗಾಡು. ಈಸ್ಟನ್ ಇದರ ಮುಖ್ಯ ಊರು.

ಈಸ್ಟನ್ನಿನಲ್ಲಿ 1710ರ ಸುಮಾರಿಗೆ ಒಂದು ಕೋರ್ಟು ಕಟ್ಟಿದರು. ಅದೇ ಜಾಗದಲ್ಲಿ 1794ರಲ್ಲಿ ಇಟ್ಟಿಗೆಯ ಹೊಸ ಕಟ್ಟಡ ಎದ್ದಿತು. ಆಮೇಲೆ ಅದನ್ನೇ ದೊಡ್ಡದು ಮಾಡಿದರು.

ಆ ಕಾಲದಲ್ಲಿ ಅಲ್ಲಿ ಗುಲಾಮಗಿರಿ ಇತ್ತು. ಆಫ್ರಿಕಾದಿಂದ ಹಿಡಿದು ತಂದ ಕಪ್ಪು ಜನರನ್ನು, ಅವರ ಮಕ್ಕಳನ್ನು, ಮೊಮ್ಮಕ್ಕಳನ್ನು ದನಗಳ ಹಾಗೆ ಮಾರುತ್ತಿದ್ದರು. ತಾಯಿ ಒಬ್ಬರ ಪಾಲು, ಮಗು ಇನ್ನೊಬ್ಬರ ಪಾಲು. ಕಾನೂನೇ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಈಸ್ಟನ್ ಕೋರ್ಟಿನ ಬಳಿಯಲ್ಲೂ ಇಂಥ ಹರಾಜು ನಡೆಯುತ್ತಿತ್ತು. ನ್ಯಾಯ ಕೊಡುವ ಜಾಗದಲ್ಲೇ ಮನುಷ್ಯರ ಮಾರಾಟ!

ಅಕ್ಷರ ಕಲಿತ ಹುಡುಗ

1818ರಲ್ಲಿ ಟಾಲ್ಬಟ್ಟಿನಲ್ಲಿ ಒಬ್ಬ ಗುಲಾಮ ತಾಯಿಗೆ ಗಂಡು ಮಗು ಹುಟ್ಟಿತು. ಹೆಸರು ಫ್ರೆಡರಿಕ್. ತಾಯಿ ದೂರದ ಹೊಲದಲ್ಲಿ ದುಡಿಯಬೇಕಿತ್ತು. ಅಜ್ಜಿಯೇ ಮಗುವನ್ನು ಸಾಕಿದಳು.

ಸುಮಾರು ಎಂಟು ವರ್ಷ ಆದಾಗ ಹುಡುಗನನ್ನು ಬಾಲ್ಟಿಮೋರ್ ಪಟ್ಟಣದ ಒಂದು ಮನೆಗೆ ಕಳಿಸಿದರು. ಆ ಮನೆಯೊಡತಿ ಅವನಿಗೆ ಅಕ್ಷರ ಹೇಳಿಕೊಟ್ಟಳು. ಗಂಡ ಅದನ್ನು ನಿಲ್ಲಿಸಿಬಿಟ್ಟ. ಓದು ಬಂದರೆ ಗುಲಾಮ ಕೈಗೆ ಸಿಗುವುದಿಲ್ಲ ಅನ್ನುವುದು ಅವನ ಭಯ. ಹುಡುಗ ಬಿಡಲಿಲ್ಲ. ಬೀದಿಯ ಬಡ ಹುಡುಗರಿಗೆ ರೊಟ್ಟಿ ಕೊಟ್ಟು, ಅವರಿಂದ ಪಾಠ ಹೇಳಿಸಿಕೊಂಡ.

ಮುಂದೆ ಅವನನ್ನು ಟಾಲ್ಬಟ್ಟಿಗೆ ವಾಪಸು ಕರೆಸಿದರು. 1836ರಲ್ಲಿ ಅವನೂ ಗೆಳೆಯರೂ ತಪ್ಪಿಸಿಕೊಳ್ಳಲು ಉಪಾಯ ಮಾಡಿದರು. ಗುಟ್ಟು ರಟ್ಟಾಯಿತು. ಅವರನ್ನು ಕಟ್ಟಿ ಎಳೆದು ತಂದು ಈಸ್ಟನ್ ಜೈಲಿಗೆ ಹಾಕಿದರು. ಎರಡು ವರ್ಷದ ಮೇಲೆ, 1838ರಲ್ಲಿ, ಅವನು ಬಾಲ್ಟಿಮೋರಿನಿಂದ ಪಾರಾದ. ಆನ್ನಾ ಮರೇ ಎಂಬ ಕಪ್ಪು ಹೆಣ್ಣುಮಗಳು ಅವನಿಗೆ ಹಣ ಕೊಟ್ಟು ನೆರವಾದಳು. ಆಕೆ ಗುಲಾಮಳಲ್ಲ, ಸ್ವತಂತ್ರಳು. ಆಮೇಲೆ ಅವರಿಬ್ಬರೂ ಮದುವೆಯಾದರು.

ಈ ಹುಡುಗನೇ ಮುಂದೆ ಫ್ರೆಡರಿಕ್ ಡಗ್ಲಸ್ ಎಂದು ಹೆಸರಾದ. ಡಗ್ಲಸ್ ಅವರು 1845ರಲ್ಲಿ ತಮ್ಮ ಬಾಳಿನ ಕತೆಯನ್ನು ತಾವೇ ಬರೆದರು. ಪತ್ರಿಕೆ ನಡೆಸಿದರು. ಗುಲಾಮಗಿರಿ ಹೋಗಬೇಕೆಂದು ಊರೂರು ತಿರುಗಿ ಭಾಷಣ ಮಾಡಿದರು.

ಯುದ್ಧ ಬಂತು

1861ರಲ್ಲಿ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಯಿತು. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಬೇರೆ ದೇಶ ಕಟ್ಟಲು ಹೊರಟಿದ್ದವು. ಟಾಲ್ಬಟ್ಟಿನ ಗಂಡಸರು ಎರಡೂ ಕಡೆ ಸೇರಿ ಹೋರಾಡಿದರು. ಕಪ್ಪು ಜನರೂ ಉತ್ತರದ ಸೈನ್ಯ ಸೇರಿದರು. 1864ರ ನವೆಂಬರ್ 1ರಂದು ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಕೊನೆಯಾಯಿತು. 1865ರಲ್ಲಿ ಉತ್ತರ ಗೆದ್ದಿತು.

ಯುದ್ಧ ಮುಗಿಸಿ ಬಂದ 18 ಕಪ್ಪು ಸೈನಿಕರು ಟಾಲ್ಬಟ್ಟಿನಲ್ಲೇ ಯೂನಿಯನ್‌ವಿಲ್ ಎಂಬ ಹಳ್ಳಿ ಕಟ್ಟಿದರು. 1878ರಲ್ಲಿ ಡಗ್ಲಸ್ ಅವರು ಈಸ್ಟನ್ನಿಗೆ ಬಂದರು. ಒಮ್ಮೆ ಕೈದಿಯಾಗಿ ಬಂದಿದ್ದ ಊರು ಅದು. ಈ ಸಲ ಅದೇ ಊರಿನ ಕೋರ್ಟಿನಲ್ಲಿ ನಿಂತು ಭಾಷಣ ಮಾಡಿದರು.

ಅಂಗಳದ ಪ್ರತಿಮೆ

1916ರಲ್ಲಿ ಕೋರ್ಟಿನ ಮುಂದೆ ಒಂದು ಪ್ರತಿಮೆ ನಿಂತಿತು. ದಕ್ಷಿಣದ ಬಾವುಟ ಹಿಡಿದ ಹುಡುಗ ಅದರಲ್ಲಿದ್ದ. ಅದಕ್ಕೆ 'ಟಾಲ್ಬಟ್ ಹುಡುಗರು' ಅಂತ ಹೆಸರು. ಕೆಳಗೆ 84 ಸೈನಿಕರ ಹೆಸರು ಕೆತ್ತಿದ್ದರು. ಎಲ್ಲರೂ ದಕ್ಷಿಣದ ಕಡೆಯವರೇ. ಉತ್ತರದ ಕಡೆ ಹೋರಾಡಿದವರೂ ಟಾಲ್ಬಟ್ಟಿನ ಹುಡುಗರೇ ಅಲ್ಲವೇ? ಅವರ ಒಂದು ಹೆಸರೂ ಆ ಕಲ್ಲಿನ ಮೇಲೆ ಇರಲಿಲ್ಲ.

ಡಗ್ಲಸ್ ಅವರ ಪ್ರತಿಮೆಯೂ ಬೇಕು ಅಂತ ಜನ ಕೇಳಿದರು. ಅಂಗಳ ಸೈನಿಕರಿಗೆ ಮಾತ್ರ ಇರಲಿ ಅಂತ ಕೆಲವರು ತಕರಾರು ತೆಗೆದರು. ಕೊನೆಗೆ 2011ರಲ್ಲಿ ಡಗ್ಲಸ್ ಪ್ರತಿಮೆ ಅಲ್ಲಿ ನಿಂತಿತು.

ಆದರೂ ವಾದ ನಿಲ್ಲಲಿಲ್ಲ. "ಸತ್ತವರು ನಮ್ಮ ಹಿರಿಯರು. ಅವರ ನೆನಪು ಅಳಿಸಬೇಡಿ" ಎಂದರು ಒಂದು ಕಡೆಯವರು. "ನಮ್ಮನ್ನು ಗುಲಾಮರಾಗಿ ಇಡಲು ಹೋರಾಡಿದ ಕಡೆಯ ಬಾವುಟ ಇದು. ಇದರ ಮುಂದೆ ಹಾದು ಒಳಗೆ ಹೋದವರಿಗೆ ನ್ಯಾಯದ ಮೇಲೆ ನಂಬಿಕೆ ಹೇಗೆ ಬರಬೇಕು?" ಎಂದರು ಇನ್ನೊಂದು ಕಡೆಯವರು.

2020ರಲ್ಲಿ ಕೌಂಟಿಯ ಐದು ಸದಸ್ಯರ ಸಭೆ ಪ್ರತಿಮೆ ಇರಲಿ ಎಂದಿತು. 2021ರಲ್ಲಿ ಕೆಲವರು ದಾವೆ ಹೂಡಿದರು. ಬಡವರ ಪರ ವಾದ ಮಾಡುವ ಒಬ್ಬ ಕಪ್ಪು ವಕೀಲೆಯೂ ಅವರಲ್ಲಿ ಇದ್ದರು. ಆ ವರ್ಷ ಸೆಪ್ಟೆಂಬರಿನಲ್ಲಿ ಸಭೆ ಮತ್ತೆ ಮತ ಹಾಕಿತು. ತೆಗೆಯಲು ಮೂವರು, ಬೇಡವೆಂದು ಇಬ್ಬರು. 2022ರ ಮಾರ್ಚಿನಲ್ಲಿ ಪ್ರತಿಮೆಯನ್ನು ಪಕ್ಕದ ವರ್ಜೀನಿಯಾ ರಾಜ್ಯದ ಹಳೆಯ ಯುದ್ಧಭೂಮಿಗೆ ಸಾಗಿಸಿದರು. ಅದನ್ನು ಒಡೆಯಲಿಲ್ಲ, ಜಾಗ ಬದಲಿಸಿದರು.

ಇದರಿಂದ ನಮಗೆ ಏನು ತಿಳಿಯಿತು? ಕಲ್ಲು ತಾನಾಗಿ ಮಾತಾಡುವುದಿಲ್ಲ. ಯಾರೋ ಹೇಳಿ ಬರೆಸುತ್ತಾರೆ. ಇರುವ ಹೆಸರನ್ನು ಓದುವುದು ಮೊದಲ ಪಾಠ. ಬಿಟ್ಟುಹೋದ ಹೆಸರು ಯಾವುದು ಅಂತ ಕೇಳುವುದು ಎರಡನೆಯ ಪಾಠ.

ಸೇರಿ ಮಾತಾಡಿ:
1. ನಿಮ್ಮ ಊರಿನಲ್ಲಿ ಹೆಸರು ಕೆತ್ತಿದ ಕಲ್ಲು ಎಲ್ಲೆಲ್ಲಿ ಇದೆ? ಹೋಗಿ ಓದಿ ಬನ್ನಿ.
2. ಅದರಲ್ಲಿ ಹೆಂಗಸರ ಹೆಸರು ಎಷ್ಟು?
3. ಯಾರ ಹೆಸರು ಇರಬೇಕಿತ್ತು? ಅದನ್ನು ನಿಮ್ಮ ಪುಸ್ತಕದಲ್ಲಿ ನೀವೇ ಬರೆಯಿರಿ.